ಕೂರುತ್ತೆ ಸಾರ್, ಆದರೆ ಹೊಂದುತ್ತಾ?

ಅಂಗಡಿಯ ಹುಡುಗ ನಾಲ್ಕು ಇಂಜೆಕ್ಟರುಗಳನ್ನು ಹಳೇ ಪೇಪರಿನ ಮೇಲೆ ಸಾಲಾಗಿ ಇಟ್ಟು, ‘ಕೂರುತ್ತೆ ಸಾರ್, ಧೈರ್ಯವಾಗಿ ತಗೊಂಡ್ ಹೋಗಿ’ ಅಂದ. ಕೂತವು, ಸುಳ್ಳಲ್ಲ. ನನ್ನದು 2002ರ ಮಾರುತಿ ಎಸ್ಟೀಮ್. ಇಂಜೆಕ್ಟರುಗಳ ಮೇಲ್ತುದಿ ಫ್ಯೂಲ್ ರೇಲಿಗೆ, ಕೆಳತುದಿ ಮ್ಯಾನಿಫೋಲ್ಡಿನ ತೂತಿಗೆ ಸರಿಯಾಗಿ ಇಳಿಯಿತು. ವೈರಿನ ಕಪ್ಲರ್ ಕೂಡ ಟಕ್ಕೆಂದು ಸೇರಿಕೊಂಡಿತು. ಮೊದಲ ಕೀಲಿಗೇ ಗಾಡಿ ಸ್ಟಾರ್ಟ್ ಆಯಿತು. ಮೂರನೇ ದಿನ ಸೈಲೆನ್ಸರಿನಿಂದ ಕರಿ ಹೊಗೆ ಬಂತು. ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ ಗೂರಲು ಹಿಡಿದವರ ಉಸಿರಿನಂತೆ ಏರಿ ಇಳಿಯತೊಡಗಿತು, ಒಳಗೆಲ್ಲ ಪೆಟ್ರೋಲ್ ವಾಸನೆ. ಪ್ಲಗ್ ಬಿಚ್ಚಿ ನೋಡಿದರೆ ರಾತ್ರಿಯಿಡೀ ಉರಿದ ಲಾಂದ್ರದ ಗಾಜಿನಂತೆ ಮಸಿ ಹಿಡಿದಿತ್ತು.

ಕೂರುವುದು, ಹೊಂದುವುದು ಎಂಬ ಎರಡು ಮಾತುಗಳು ನಮ್ಮ ಬಿಡಿಭಾಗದ ಪೇಟೆಯಲ್ಲಿ ಒಂದೇ ಆಗಿಬಿಟ್ಟಿವೆ. ಬಾಗಿಲಿನ ಹಿಡಿಯನ್ನೋ ಕನ್ನಡಿಯನ್ನೋ ಕೊಳ್ಳುವಾಗ ಇದರಿಂದ ತೊಂದರೆಯಿಲ್ಲ. ಇಂಜೆಕ್ಟರಿನ ವಿಷಯದಲ್ಲಿ ತೊಂದರೆ ದೊಡ್ಡದು. ಹಳೆಯ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ಒಬ್ಬರಿಗಾದರೂ ನಾನು ಪಟ್ಟ ಪಾಡು ತಪ್ಪಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕಾರುಗಳ ಹಿಂಬದಿಯಲ್ಲಿ ‘ಎಂಪಿಎಫ್ಐ’ (ಮಲ್ಟಿ ಪಾಯಿಂಟ್ ಫ್ಯೂಲ್ ಇಂಜೆಕ್ಷನ್) ಎಂಬ ಅಕ್ಷರಗಳು ಹೆಮ್ಮೆಯಿಂದ ಹೊಳೆಯುತ್ತಿದ್ದ ಕಾಲ ನಲವತ್ತು ದಾಟಿದವರಿಗೆ ನೆನಪಿರುತ್ತದೆ. ಜರ್ಮನಿಯ ಬಾಷ್ ಕಂಪನಿ ವಿದ್ಯುತ್ತಿನಿಂದ ನಡೆಯುವ ಪೆಟ್ರೋಲ್ ಇಂಜೆಕ್ಷನ್ನನ್ನು 1967ರಲ್ಲೇ ಫೋಕ್ಸ್‌ವ್ಯಾಗನ್ ಕಾರಿಗೆ ಹಾಕಿ ಮಾರುಕಟ್ಟೆಗೆ ತಂದಿತ್ತು. ನಮ್ಮಲ್ಲಿ ಅದು ಮನೆಮಾತಾದದ್ದು 1999–2000ರ ಹೊತ್ತಿಗೆ, ಹೊಗೆಯ ನಿಯಮಗಳು ಬಿಗಿಯಾದ ಮೇಲೆ. ಅಲ್ಲಿಯವರೆಗೆ ಬಹುಪಾಲು ಪೆಟ್ರೋಲ್ ಗಾಡಿಗಳಲ್ಲಿ ಇದ್ದದ್ದು ಕಾರ್ಬ್ಯುರೇಟರ್. ಇಂಜೆಕ್ಷನ್ ಎಂದರೆ ಬೆಂಗಳೂರು ಆಡುಗೋಡಿಯ ಮೈಕೋ ಕಂಪನಿ, ಲಾರಿ ಬಸ್ಸುಗಳ ಡೀಸೆಲ್ ಪಂಪು, ಅಷ್ಟೇ. 1951ರಲ್ಲಿ ಹುಟ್ಟಿದ ಆ ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಬೆಂಗಳೂರಿನವರ ಬಾಯಲ್ಲಿ ಅದರ ಹೆಸರಿನ ಬಡಾವಣೆ ಮಾತ್ರ ಇವತ್ತಿಗೂ ಮೈಕೋ ಲೇಔಟೇ. ಆ ಮೊದಲ ತಲೆಮಾರಿನ ಎಂಪಿಎಫ್ಐ ಕಾರುಗಳಿಗೆ ಈಗ ಇಪ್ಪತ್ತು, ಇಪ್ಪತ್ತೈದು ವರ್ಷ. ಎಸ್ಟೀಮ್ ತಯಾರಿಕೆ 2007ರಲ್ಲಿ ನಿಂತಿತು. ಓಪೆಲ್ ಈ ದೇಶದಿಂದ ಹೊರಟೇ ಹೋಯಿತು, ಡೇವೂ ಮುಳುಗಿತು. ಹೆಸರಿದ್ದ ಬಿಡಿಭಾಗ ಕಪಾಟಿನಲ್ಲಿ ಖಾಲಿಯಾದ ಕಡೆ ‘ಕೂರುತ್ತೆ ಸಾರ್’ ಶುರುವಾಗುತ್ತದೆ.

ಕೂತದ್ದು ಯಾಕೆ ಹೊಂದುವುದಿಲ್ಲ ಎನ್ನುವುದಕ್ಕೆ ಇಂಜೆಕ್ಟರ್ ಮಾಡುವ ಕೆಲಸವೇನೆಂದು ನೋಡಬೇಕು. ಅದು ಒಂದು ಪುಟ್ಟ ನಲ್ಲಿ. ಒಳಗೆ ತಂತಿಯ ಸುರುಳಿ, ಸೂಜಿಯಂಥ ಕವಾಟ, ಅದನ್ನು ಮುಚ್ಚಿ ಹಿಡಿದ ಸ್ಪ್ರಿಂಗು. ಸುರುಳಿಗೆ ಕರೆಂಟ್ ಬಂದೊಡನೆ ಸೂಜಿ ಕೂದಲೆಳೆಯಷ್ಟು ಮೇಲೇಳುತ್ತದೆ, ಒತ್ತಡದಲ್ಲಿ ನಿಂತಿರುವ ಪೆಟ್ರೋಲ್ ಮಂಜಿನಂತೆ ಚಿಮ್ಮುತ್ತದೆ, ಕರೆಂಟ್ ನಿಂತರೆ ಮುಚ್ಚುತ್ತದೆ. ಐಡ್ಲಿಂಗಿನಲ್ಲಿ ಈ ತೆರೆದ ಗಳಿಗೆ ಸೆಕೆಂಡಿನ ಸಾವಿರದಲ್ಲಿ ಎರಡು ಮೂರು ಪಾಲು. ಲಕ್ಷ ಕಿಲೋಮೀಟರ್ ಓಡಿದ ಗಾಡಿಯಲ್ಲಿ ಒಂದೊಂದು ಇಂಜೆಕ್ಟರೂ ಹತ್ತು ಕೋಟಿ ಸಲಕ್ಕೂ ಹೆಚ್ಚು ತೆರೆದು ಮುಚ್ಚಿರುತ್ತದೆ. ಇಷ್ಟು ಸಣ್ಣ ವಸ್ತು ಇಷ್ಟು ಸಲ ತಪ್ಪದೆ ದುಡಿಯುವುದನ್ನು ನೆನೆದಾಗಲೆಲ್ಲ ನನಗೆ ಅದರ ಮೇಲೆ ಗೌರವ ಹುಟ್ಟುತ್ತದೆ.

ಇದನ್ನು ನಡೆಸುವ ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ಹೊತ್ತನ್ನು. ಇಷ್ಟು ಗಾಳಿ ಒಳಬಂತು, ಹಾಗಾದರೆ ಇಂಜೆಕ್ಟರನ್ನು ಇಷ್ಟು ಹೊತ್ತು ತೆರೆಯಬೇಕು ಎನ್ನುವುದು ಅದರ ಲೆಕ್ಕ. ಆ ಹೊತ್ತಿನಲ್ಲಿ ಎಷ್ಟು ಪೆಟ್ರೋಲ್ ಬೀಳುತ್ತದೆ ಎನ್ನುವುದನ್ನು ಕಾರು ಮಾಡಿದವರು ಮೊದಲೇ ಅದರ ನೆನಪಿನಲ್ಲಿ ಬರೆದಿಟ್ಟಿರುತ್ತಾರೆ. ಕಣ್ಣು ಮಂಜಾದ ನಮ್ಮಜ್ಜಿ ಅಕ್ಕಿ ಡಬ್ಬಕ್ಕೆ ಕೈಹಾಕಿ ಪಾವಿನ ಲೆಕ್ಕದಲ್ಲಿ ಅನ್ನಕ್ಕೆ ಇಡುತ್ತಿದ್ದಳು. ಮೂರು ಪಾವು ಎಂದರೆ ಮೂರೇ ಪಾವು, ಎಂದೂ ತಪ್ಪಿದ್ದಿಲ್ಲ. ಯಾರಾದರೂ ಡಬ್ಬದೊಳಗಿನ ಪಾವನ್ನು ತೆಗೆದು ಅಚ್ಚೇರು ಇಟ್ಟಿದ್ದರೆ? ಅಜ್ಜಿಯ ಎಣಿಕೆ ಸರಿಯಾಗಿಯೇ ಇರುತ್ತಿತ್ತು, ಪಾತ್ರೆ ಮಾತ್ರ ಉಕ್ಕಿ ಒಲೆ ಆರುತ್ತಿತ್ತು. ನನ್ನ ಎಸ್ಟೀಮಿನಲ್ಲಿ ಆದದ್ದು ಇದೇ. ಆ ನಾಲ್ಕು ಇಂಜೆಕ್ಟರುಗಳು ಬೇರೊಂದು ಕಂಪನಿಯ, ಇದಕ್ಕಿಂತ ದೊಡ್ಡ ಎಂಜಿನ್ನಿನವು ಎಂದು ಆಮೇಲೆ ತಿಳಿಯಿತು. ಹೊಗೆಯ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ‘ಪೆಟ್ರೋಲ್ ಹೆಚ್ಚಾಯಿತು’ ಎಂದು ಹೇಳುತ್ತಲೇ ಇರುತ್ತದೆ, ಇಸಿಎಂ ಕಡಿಮೆ ಮಾಡುತ್ತಲೂ ಹೋಗುತ್ತದೆ. ಆದರೆ ಆ ತಿದ್ದುಪಡಿಗೂ ಒಂದು ಗಡಿಯಿದೆ, ಹೆಚ್ಚೆಂದರೆ ಕಾಲು ಭಾಗದ ಆಸುಪಾಸು. ಎಂಜಿನ್ ತಣ್ಣಗಿದ್ದಾಗ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸೆನ್ಸರಿನ ಮಾತು ನಡೆಯುವುದೂ ಇಲ್ಲ.

ಅಸಲಿಗೆ ನಾನು ಅಂಗಡಿಗೆ ಹೋದದ್ದೇ ಮೊದಲ ತಪ್ಪು. ಗಾಡಿ ಮಿಸ್ಸಿಂಗ್ ಹೊಡೆಯುತ್ತಿತ್ತು, ಪಿಕಪ್ ಇರಲಿಲ್ಲ, ಇಂಜೆಕ್ಟರ್ ಹೋಗಿದೆ ಎಂದು ಯಾರೋ ಹೇಳಿದರು, ನಾನು ನಂಬಿದೆ. ಹಳಸಿದ ಪ್ಲಗ್ಗಿನಿಂದ, ಸೋತ ಪೆಟ್ರೋಲ್ ಪಂಪಿನಿಂದ, ಬಿರುಕುಬಿಟ್ಟ ಒಂದು ವ್ಯಾಕ್ಯೂಮ್ ಪೈಪಿನಿಂದಲೂ ಇದೇ ಲಕ್ಷಣ ಬರುತ್ತದೆ. ಪರೀಕ್ಷೆ ಕಷ್ಟದ್ದಲ್ಲ. ಎಂಜಿನ್ ಓಡುತ್ತಿರುವಾಗ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿನ ಮೈಗೆ ತಾಗಿಸಿ ಹಿಡಿಯನ್ನು ಕಿವಿಗೊತ್ತಿ ಕೇಳಿದರೆ ಒಂದೊಂದೂ ಟಿಕ್ ಟಿಕ್ ಎನ್ನಬೇಕು. ದನಿಯೇ ಬಾರದಿದ್ದರೆ ಅದಕ್ಕೆ ಕರೆಂಟ್ ಬರುತ್ತಿಲ್ಲ, ಇಲ್ಲವೇ ಅದು ಜಾಮ್ ಆಗಿದೆ. ಇನ್ನೂ ಸಂಶಯವಿದ್ದರೆ ಎರಡನೇ ಸಿಲಿಂಡರಿನದನ್ನು ಮೂರನೆಯದಕ್ಕೆ ಬದಲಿಸಿ ನೋಡುವುದು. ಮಿಸ್ಸಿಂಗ್ ಅದರ ಜೊತೆಯಲ್ಲೇ ಹೋದರೆ ಕಳ್ಳ ಸಿಕ್ಕ, ಇದ್ದಲ್ಲೇ ಉಳಿದರೆ ಇಂಜೆಕ್ಟರ್ ನಿರಪರಾಧಿ.

ಅಪರಾಧಿಯಾದರೂ ಕೂಡಲೇ ಎಸೆಯಬೇಕಾಗಿಲ್ಲ. ಎಂಜಿನ್ ನಿಲ್ಲಿಸಿದ ಮೇಲೆ ಇಂಜೆಕ್ಟರಿನ ತುದಿಯಲ್ಲಿ ಉಳಿದ ಒಂದು ಹನಿ ಪೆಟ್ರೋಲ್ ಎಂಜಿನ್ನಿನ ಕಾವಿಗೆ ಆವಿಯಾಗಿ, ತಳದಲ್ಲಿ ಅಂಟು ಬಿಡುತ್ತದೆ. ದಿನವೂ ಎರಡೆರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಈ ಅಂಟು ಪದರ ಪದರವಾಗಿ ಬೆಳೆದು ತೂತನ್ನು ಕಿರಿದಾಗಿಸುತ್ತದೆ. ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದರೆ ಬಹಳಷ್ಟು ಇಂಜೆಕ್ಟರುಗಳು ಮೊದಲಿನಂತಾಗುತ್ತವೆ. ತೊಳೆದ ಮೇಲೆ ಟೆಸ್ಟ್ ಬೆಂಚಿನಲ್ಲಿ ನಾಲ್ಕನ್ನೂ ಒಟ್ಟಿಗೆ ಓಡಿಸಿ, ಗಾಜಿನ ನಳಿಗೆಗಳಲ್ಲಿ ಬಿದ್ದ ದ್ರವದ ಮಟ್ಟ ನೋಡಬೇಕು. ನಾಲ್ಕರ ನಡುವೆ ಶೇ 5ಕ್ಕಿಂತ ಹೆಚ್ಚು ಅಂತರ ಇರಬಾರದು. ಮುಚ್ಚಿದ ಸ್ಥಿತಿಯಲ್ಲಿ ಒತ್ತಡ ಕೊಟ್ಟರೆ ಹನಿ ಸೋರಬಾರದು. ಬೆಂಚು ಇಲ್ಲದ ಕಡೆ ಬರೀ ತೊಳೆಸುವುದರಲ್ಲಿ ನನಗೆ ನಂಬಿಕೆಯಿಲ್ಲ. ನನ್ನ ಹಳೆಯ ನಾಲ್ಕರಲ್ಲಿ ಮೂರು ಹೀಗೆ ತೊಳೆದು ಬದುಕಿದವು. ನಾಲ್ಕನೆಯದು ಎಷ್ಟು ತೊಳೆದರೂ ಸೋರುತ್ತಲೇ ಇತ್ತು. ನಿಜವಾದ ಹುಡುಕಾಟ ಆಗ ಶುರುವಾಯಿತು, ನಾಲ್ಕಕ್ಕಲ್ಲ, ಒಂದೇ ಒಂದಕ್ಕೆ.

ಹುಡುಕಾಟದ ಮೊದಲ ಹೆಜ್ಜೆ ಅಂಗಡಿಯಲ್ಲ, ಹಲ್ಲುಜ್ಜುವ ಹಳೇ ಬ್ರಷ್ಷು. ಇಂಜೆಕ್ಟರಿನ ಮೈಮೇಲಿನ ಜಿಡ್ಡನ್ನು ಉಜ್ಜಿ ತೆಗೆದರೆ ಅದರ ನಂಬರ್ ಕಾಣುತ್ತದೆ. ಬಾಷ್ ನಂಬರಿಗೆ ಹತ್ತು ಅಂಕಿ. 0 280 150 ಎಂದು ಶುರುವಾದರೆ ದಪ್ಪ ಮೈಯ ಹಳೇ ಪೀಳಿಗೆ, 0 280 155 ಅಥವಾ 156 ಎಂದರೆ ಅದಕ್ಕಿಂತ ತೆಳ್ಳನೆಯದು, 0 280 158 ಎಂದರೆ ಇನ್ನೂ ಪುಟ್ಟದಾದ ಹೊಸ ಪೀಳಿಗೆ. ಜಪಾನಿನ ಡೆನ್ಸೋ ಆಗಿದ್ದರೆ 195500 ಎಂಬ ಆರಂಭ ಬಹಳ ಕಡೆ ಕಾಣಸಿಗುತ್ತದೆ. ಇದು ಇಂಜೆಕ್ಟರ್ ಮಾಡಿದವರ ನಂಬರ್, ಕಾರಿನ ಕಂಪನಿಯ ಪಾರ್ಟ್ ನಂಬರ್ ಬೇರೆ. ಅದಕ್ಕೆ ಕಂಪನಿಯ ಬಿಡಿಭಾಗದ ಕೌಂಟರಿನಲ್ಲಿ ಚಾಸಿ ನಂಬರ್ ಕೊಟ್ಟು ಕೇಳಬೇಕು. ಹಳೆಯ ನಂಬರ್ ರದ್ದಾಗಿ ಹೊಸ ನಂಬರ್ ಬಂದಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ. ‘ಸ್ಟಾಕಿಲ್ಲ’ ಎಂದು ಕೇಳಿ ಹಿಂದಿರುಗಬೇಡಿ. ಸರಕು ಸಿಗದಿದ್ದರೂ ಆ ನಂಬರನ್ನು ಬರೆಸಿಕೊಂಡು ಬನ್ನಿ.

ಎರಡನೆಯ ದಾರಿ ಎಂಜಿನ್ನಿನ ಬಳಗ ಹುಡುಕುವುದು. ನನ್ನ ಎಸ್ಟೀಮಿನದು 1298 ಸಿಸಿಯ, 16 ವಾಲ್ವಿನ ಜಿ13ಬಿಬಿ ಎಂಬ ಸುಜುಕಿ ಎಂಜಿನ್. ಇದೇ ಎಂಜಿನ್ ಮಾರುತಿಯದೇ ವರ್ಸಾದಲ್ಲಿತ್ತು, ಜಿಪ್ಸಿ ಕಿಂಗಿನಲ್ಲೂ ಇತ್ತು. ಜಿಪ್ಸಿ ಸೈನ್ಯಕ್ಕೂ ಪೊಲೀಸರಿಗೂ ಬೇಕಾಗಿದ್ದ ಗಾಡಿ, ಎಸ್ಟೀಮ್ ನಿಂತು ಹತ್ತು ವರ್ಷ ಕಳೆದರೂ ತಯಾರಾಗುತ್ತಲೇ ಇತ್ತು. ಹಾಗಾಗಿ ಎಸ್ಟೀಮ್ ಎಂದು ಕೇಳಿದರೆ ತಲೆಯಾಡಿಸುವ ಕಡೆಯೂ ಜಿಪ್ಸಿ ಎಂದರೆ ಒಳಗೆ ಹೋಗಿ ಹುಡುಕುತ್ತಾರೆ. ಎಂಜಿನ್ ಒಂದೇ ಆದಮಾತ್ರಕ್ಕೆ ಇಂಜೆಕ್ಟರೂ ಒಂದೇ ಎಂದು ಮಾತ್ರ ತಿಳಿಯಬಾರದು. ವರ್ಷ ಬದಲಾದಂತೆ, ಹೊಗೆಯ ನಿಯಮ ಬದಲಾದಂತೆ ಕಂಪನಿಯವರು ಇಂಜೆಕ್ಟರನ್ನೂ ಇಸಿಎಂ ಅನ್ನೂ ಬದಲಿಸಿರಬಹುದು. ಎಲ್ಲಿ ಹುಡುಕಬೇಕು ಎನ್ನುವುದನ್ನು ಬಳಗ ತಿಳಿಸುತ್ತದೆ, ತೀರ್ಮಾನ ಮೈಮೇಲಿನ ನಂಬರಿನದ್ದೇ. ನಾನು ಹೀಗೆ ಜೆ.ಸಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ, ಶಿವಾಜಿನಗರದ ಗುಜರಿಯಲ್ಲಿ ಎರಡು ಭಾನುವಾರ ಕಳೆದೆ.

ನಂಬರೇ ಅಳಿಸಿಹೋಗಿದ್ದರೆ? ಆಗ ಗುಣಗಳನ್ನು ಒಂದೊಂದಾಗಿ ತಾಳೆ ನೋಡಬೇಕು. ಮೊದಲು ಮಲ್ಟಿಮೀಟರ್ ಹಿಡಿದು ಎರಡು ಪಿನ್ನುಗಳ ನಡುವಿನ ರೆಸಿಸ್ಟೆನ್ಸ್ ನೋಡಿ. ಹೆಚ್ಚಿನ ಕಾರುಗಳ ಇಂಜೆಕ್ಟರುಗಳು 12ರಿಂದ 16 ಓಮ್ ತೋರಿಸುತ್ತವೆ. ಕೆಲವು ಹಳೆಯ ವಿನ್ಯಾಸದವು, ರೇಸಿನ ಗಾಡಿಗಳವು 2–3 ಓಮ್ ಮಾತ್ರ. ಎಂಜಿನ್ ಓಡುವಾಗ ಸಿಗುವ ವೋಲ್ಟೇಜ್ ಸುಮಾರು 14. ಓಮ್ 14 ಇದ್ದರೆ ಹರಿಯುವ ಕರೆಂಟ್ ಒಂದು ಆಂಪಿಯರ್, 2.5 ಇದ್ದರೆ ಐದೂವರೆ ಆಂಪಿಯರಿಗೂ ಮೇಲೆ. ಒಂದು ಆಂಪಿಯರಿಗೆಂದು ಮಾಡಿದ ಇಸಿಎಂ ಒಳಗಿನ ಟ್ರಾನ್ಸಿಸ್ಟರ್ ಅದನ್ನು ತಡೆಯಲಾರದೆ ಸುಡುತ್ತದೆ. ಇಂಜೆಕ್ಟರ್ ಉಳಿಸಲು ಹೋಗಿ ಇಸಿಎಂ ಕಳೆದುಕೊಂಡರೆ ಹಳೇ ಗಾಡಿಯ ಕಥೆ ಅಲ್ಲಿಗೆ ಮುಗಿದಂತೆ, ಇಂಜೆಕ್ಟರಿಗಿಂತ ಇಸಿಎಂ ಸಿಗುವುದು ಕಷ್ಟ. ಮೀಟರ್ ಹಿಡಿಯದೆ ಯಾವ ಇಂಜೆಕ್ಟರಿಗೂ ಕಪ್ಲರ್ ಸಿಕ್ಕಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಆಮೇಲೆ ಹರಿವು, ಅಂದರೆ ಪಾವಿನ ಗಾತ್ರ. ಇದನ್ನು ನಿಮಿಷಕ್ಕೆ ಇಷ್ಟು ಸಿಸಿ ಎಂದು ಹೇಳುತ್ತಾರೆ. ನಿಮ್ಮ ಎಂಜಿನ್ನಿಗೆ ಎಷ್ಟು ಬೇಕು ಎನ್ನುವುದನ್ನು ಕಾಗದದ ಮೇಲೆ ಅಂದಾಜು ಮಾಡಬಹುದು. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಪೆಟ್ರೋಲ್ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 225 ಗ್ರಾಂ ಪೆಟ್ರೋಲ್ ಕುಡಿಯುತ್ತದೆ. ಎಸ್ಟೀಮಿನ 85 ಅಶ್ವಶಕ್ತಿಗೆ ಗಂಟೆಗೆ 19 ಕಿಲೋ. ನಾಲ್ಕಕ್ಕೆ ಹಂಚಿದರೆ ಒಂದೊಂದಕ್ಕೆ 4.8 ಕಿಲೋ. ಇಂಜೆಕ್ಟರನ್ನು ಸದಾ ತೆರೆದಿಡಲಾಗದು, ಶೇ 80ರಷ್ಟು ಹೊತ್ತು ತೆರೆದರೆ ಹೆಚ್ಚು. ಆದ್ದರಿಂದ ಅದಕ್ಕೆ ಗಂಟೆಗೆ 6 ಕಿಲೋದಷ್ಟು, ಅಂದರೆ 8 ಲೀಟರಿನಷ್ಟು ತಾಕತ್ತು ಬೇಕು. ನಿಮಿಷಕ್ಕೆ ಸುಮಾರು 135 ಸಿಸಿ ಆಯಿತು. ಇದು ಕನಿಷ್ಠದ ಅಂದಾಜು, ಕಂಪನಿಯವರು ಕೊಂಚ ಹೆಚ್ಚೇ ಇಟ್ಟಿರಬಹುದು. ಆದರೆ ಯಾರಾದರೂ 240 ಸಿಸಿಯದನ್ನು ಕೈಗಿಟ್ಟು ‘ಪಿಕಪ್ ಚೆನ್ನಾಗಿ ಬರುತ್ತೆ’ ಎಂದರೆ ಅದು ಪಾವಿನ ಜಾಗದಲ್ಲಿ ಅಚ್ಚೇರು ಎಂದು ತಿಳಿಯಲು ಈ ಲೆಕ್ಕ ಸಾಕು. ಇಲ್ಲೊಂದು ಸೂಕ್ಷ್ಮವಿದೆ. ಈ ಸಿಸಿ ಅಂಕಿಯನ್ನು ಸಾಮಾನ್ಯವಾಗಿ 3 ಬಾರ್ ಒತ್ತಡದಲ್ಲಿ ಅಳೆದಿರುತ್ತಾರೆ. ನಿಮ್ಮ ಗಾಡಿಯ ರೇಲಿನಲ್ಲಿ 2.5 ಬಾರ್ ಇದ್ದರೆ ಅದೇ ಇಂಜೆಕ್ಟರ್ ಶೇ 9ರಷ್ಟು ಕಡಿಮೆ ಸುರಿಸುತ್ತದೆ. ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರಿಳಿಯುತ್ತದೆ, ಒತ್ತಡದಷ್ಟಕ್ಕೇ ಅಲ್ಲ.

ಹರಿವು ಹೊಂದಿದ ಮೇಲೂ ಕೆಲವು ಗಾಡಿಗಳು ಓಡುವಾಗ ನೆಟ್ಟಗಿದ್ದು ನಿಂತಾಗ ನಡುಗುತ್ತವೆ. ಕರೆಂಟ್ ಬಂದ ತಕ್ಷಣ ಸೂಜಿ ಏಳುವುದಿಲ್ಲ, ಕಾಂತಶಕ್ತಿ ಕೂಡಿಬರಲು ಸುಮಾರು ಒಂದು ಮಿಲಿಸೆಕೆಂಡ್ ಬೇಕು. ಐಡ್ಲಿಂಗಿನಲ್ಲಿ ಇಸಿಎಂ ಎರಡೂವರೆ ಮಿಲಿಸೆಕೆಂಡ್ ಕೊಟ್ಟರೆ ನಿಜವಾಗಿ ಪೆಟ್ರೋಲ್ ಸುರಿಯುವುದು ಒಂದೂವರೆ ಮಾತ್ರ. ಹೊಸ ಇಂಜೆಕ್ಟರ್ ಚುರುಕಾಗಿ 0.7ರಲ್ಲೇ ಎದ್ದರೆ ಸುರಿಯುವ ಹೊತ್ತು 1.8 ಆಗುತ್ತದೆ, ಶೇ 20 ಹೆಚ್ಚು. ಆಕ್ಸಿಲರೇಟರ್ ಪೂರ್ತಿ ಒತ್ತಿ 15 ಮಿಲಿಸೆಕೆಂಡ್ ತೆರೆಯುವಾಗ ಅದೇ ವ್ಯತ್ಯಾಸ ಶೇ 2 ಮಾತ್ರ, ಗಮನಕ್ಕೇ ಬಾರದು. ಬ್ಯಾಟರಿ ಸೋತಾಗ ಈ ಏಳುವ ಹೊತ್ತು ಇನ್ನೂ ಉದ್ದವಾಗುತ್ತದೆ. ಈ ವಿಷಯವನ್ನು ಕೌಂಟರಿನಲ್ಲಿ ಯಾರೂ ಹೇಳುವುದಿಲ್ಲ. ಅದೇ ನಂಬರಿನದನ್ನೇ ಹುಡುಕಿ ಎಂದು ನಾನು ಹಟ ಹಿಡಿಯುವುದಕ್ಕೆ ಇದೇ ದೊಡ್ಡ ಕಾರಣ.

ಸಿಂಪಡಿಸುವ ರೀತಿಯೂ ಹೊಂದಬೇಕು. ಒಂದು ಸಿಲಿಂಡರಿಗೆ ಎರಡು ಇನ್ಲೆಟ್ ವಾಲ್ವ್ ಇರುವ ಎಂಜಿನ್ನುಗಳಲ್ಲಿ ಇಂಜೆಕ್ಟರ್ ಸಾಮಾನ್ಯವಾಗಿ ಎರಡು ಕವಲಾಗಿ ಚಿಮ್ಮಿ ಎರಡೂ ವಾಲ್ವಿನ ಬೆನ್ನಿಗೆ ಬಡಿಯುತ್ತದೆ. ಆ ಜಾಗಕ್ಕೆ ಒಂದೇ ಧಾರೆಯದನ್ನು ಹಾಕಿದರೆ ನಡುವಿನ ಗೋಡೆ ತೊಯ್ಯುತ್ತದೆ, ಬೆಳಗಿನ ಸ್ಟಾರ್ಟಿಂಗ್ ಕೆಡುತ್ತದೆ. ಬೆಂಚಿನಲ್ಲಿ ಒಮ್ಮೆ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಉದ್ದವನ್ನು ಮೇಲಿನ ಸೀಲಿನಿಂದ ಕೆಳಗಿನ ಸೀಲಿನವರೆಗೆ ಅಳೆಯಬೇಕು. ರೇಲಿಗೆ ಹೋಗುವ ತುದಿ ಕೆಲವಕ್ಕೆ 14 ಮಿಲಿಮೀಟರ್, ಹಲವು ಜಪಾನೀ ಮಾದರಿಗಳಿಗೆ 11. ಕಪ್ಲರ್ ಬೇರೆಯಾದರೆ ಅಡಾಪ್ಟರ್ ಸಿಗುತ್ತದೆ, ಅದೊಂದನ್ನು ಮಾತ್ರ ತಲೆಕೆಡಿಸಿಕೊಳ್ಳದೆ ಬದಲಿಸಬಹುದು.

ಸೀಲುಗಳ ಬಗ್ಗೆ ಒಂದು ಮಾತು ಹೆಚ್ಚಾಗಿ ಹೇಳುತ್ತೇನೆ. ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಪ್ರಧಾನಿ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ಇಪ್ಪತ್ತು ವರ್ಷದ ಹಿಂದಿನ ಗಾಡಿಯ ರಬ್ಬರು ಇದನ್ನು ಎಣಿಸಿ ಮಾಡಿದ್ದಲ್ಲ. ಎಥೆನಾಲ್ ನೀರನ್ನು ಹೀರುತ್ತದೆ, ಹಳೇ ಟ್ಯಾಂಕಿನ ಗೋಡೆಗಂಟಿದ ಕೊಳೆಯನ್ನು ಸಡಿಲಿಸಿ ಇಂಜೆಕ್ಟರಿನ ಬಾಯಿಗೆ ತಂದು ಹಾಕುತ್ತದೆ. ಇಂಜೆಕ್ಟರ್ ಬಿಚ್ಚಿದ ಮೇಲೆ ಹಳೇ ಓ-ರಿಂಗನ್ನು ಮತ್ತೆ ಹಾಕಲೇಬೇಡಿ. ಎಥೆನಾಲಿಗೆ ಬಾಳುವ, ಪೇಟೆಯಲ್ಲಿ ವೈಟಾನ್ ಎಂದು ಕರೆಯುವ ರಬ್ಬರಿನದನ್ನೇ ಕೇಳಿ ತನ್ನಿ. ಬಣ್ಣ ನೋಡಿ ನಂಬಬೇಡಿ, ಯಾವ ರಬ್ಬರಿಗೂ ಯಾವ ಬಣ್ಣವನ್ನಾದರೂ ಕೊಡಬಹುದು. ಇಂಜೆಕ್ಟರಿನ ಬಾಯಲ್ಲಿರುವ ಬೆರಳ ತುದಿಯಷ್ಟರ ಜರಡಿಯನ್ನೂ ಆಗಲೇ ಬದಲಿಸಿ, ಪೆಟ್ರೋಲ್ ಫಿಲ್ಟರನ್ನೂ.

ಡೀಸೆಲ್ ಗಾಡಿಯವರಿಗೆ ಈ ಲೆಕ್ಕ ಯಾವುದೂ ನಡೆಯದು. ಕಾಮನ್ ರೇಲ್ ಇಂಜೆಕ್ಟರಿನ ಒತ್ತಡ ಸಾವಿರ ಬಾರ್ ಮೀರುತ್ತದೆ. ಬಹುಪಾಲು ಇಂಜೆಕ್ಟರುಗಳ ತಲೆಯ ಮೇಲೆ ಅದರದೇ ಕೋಡ್ ಇರುತ್ತದೆ, ಸ್ಕ್ಯಾನರ್ ಹಾಕಿ ಅದನ್ನು ಇಸಿಎಂಗೆ ತಿಳಿಸಬೇಕು. ಅದು ಬೆಂಚು, ಸ್ಕ್ಯಾನರ್ ಎರಡೂ ಇರುವವರ ಕೆಲಸ.

ಜೋಡಿಸುವ ದಿನ ಅವಸರ ಕೂಡದು. ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ರೇಲಿನ ಒತ್ತಡ ಇಳಿಸಿ, ಬ್ಯಾಟರಿ ವೈರ್ ಬಿಚ್ಚಿಯೇ ಕೈಹಾಕಬೇಕು. ಎಂಜಿನ್ ತಣ್ಣಗಿರಬೇಕು, ಬೀಡಿ ಸಿಗರೇಟು ಸುತ್ತಮುತ್ತ ಇರಬಾರದು. ಸೀಲಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ, ತಿರುಚದೆ, ನೇರವಾಗಿ ಒತ್ತಬೇಕು. ಅಂಚು ಕೊಯ್ದ ಸೀಲು ಕಣ್ಣಿಗೆ ಕಾಣದಂತೆ ಸೋರಿ ಬೆಂಕಿಗೆ ದಾರಿಯಾಗುತ್ತದೆ. ಜೋಡಿಸಿದ ಮೇಲೆ ಕೂಡಲೇ ಸ್ಟಾರ್ಟ್ ಮಾಡದೆ ಎರಡು ಮೂರು ಸಲ ಕೀಲಿ ಆನ್ ಮಾಡಿ, ಪಂಪು ಒತ್ತಡ ತುಂಬಿದಾಗ ಟಾರ್ಚು ಹಿಡಿದು ನಾಲ್ಕೂ ಕಡೆ ಒದ್ದೆಯಾಗಿದೆಯೇ ಎಂದು ನೋಡಬೇಕು.

ನನಗೆ ಬೇಕಿದ್ದ ಒಂದು ಕಡೆಗೂ ಸಿಕ್ಕಿದ್ದು ಗುಜರಿಯಲ್ಲಿ, ಹಿಂದಿನಿಂದ ಗುದ್ದಿಸಿಕೊಂಡು ಬಂದಿದ್ದ ಒಂದು ವರ್ಸಾದ ಎಂಜಿನ್ನಿನಲ್ಲಿ. ಬ್ರಷ್ಷಿನಿಂದ ಉಜ್ಜಿದಾಗ ಅಂಕಿಗಳು ಒಂದೊಂದಾಗಿ ಮೂಡಿ, ಕೊನೆಯದೂ ನನ್ನ ಚೀಟಿಯಲ್ಲಿದ್ದುದಕ್ಕೆ ತಾಳೆಯಾಯಿತು. ಆದರೂ ನಾಲ್ಕನ್ನೂ ಮತ್ತೆ ಬೆಂಚಿಗೆ ಹಾಕಿಸಿದೆವು. ನಳಿಗೆಗಳ ಮಟ್ಟ ಒಂದೇ ಗೆರೆಗೆ ಬಂದು ನಿಂತಾಗ ಗಾಡಿ ನೋಡಿಕೊಳ್ಳುವ ನಮ್ಮ ಮೇಸ್ತ್ರಿ, ‘ಈಗ ಹೊಂದುತ್ತೆ ಸಾರ್’ ಅಂದರು. ಮರುದಿನ ಬೆಳಿಗ್ಗೆ ಬಾನೆಟ್ಟಿನ ಒಳಮೈ ಒರೆಸಿ, ಬಿಳಿ ಪೇಂಟಿನಲ್ಲಿ ಆ ನಂಬರನ್ನು ದಪ್ಪಗೆ ಬರೆದೆ, ಕೆಳಗೆ ಸೀಲಿನ ಅಳತೆಯನ್ನೂ. ನನ್ನ ನಂತರ ಈ ಗಾಡಿಯ ಬಾನೆಟ್ ಎತ್ತುವವರು ಬ್ರಷ್ಷು ಹುಡುಕಬೇಕಾಗಿಲ್ಲ.